ಕುಂಕುಮ ಹಚ್ಚಿಸಿಕೊಂಡ ಪೇಟೆಂಟು

ಎಲ್ಲವನ್ನೂ ಬರೆದಿಡುವ ಚಟದವರಿಗೆ ‘ನೆನಪಿಲ್ಲ’ ಎಂದು ಹೇಳಿ ಪಾರಾಗುವ ಸೌಕರ್ಯ ಇರುವುದಿಲ್ಲ. ನನ್ನ ದಿನಚರಿಯಲ್ಲಿ ಹಾಲಿನ ಪ್ಯಾಕೆಟ್ಟು ಒಡೆದ ದಿನಗಳಿಂದ ಹಿಡಿದು ಅಣ್ಣನ ಹೆಂಡತಿ ವೈನಿ ನನ್ನ ಮದುವೆಯ ಮಾತೆತ್ತಿದ್ದರ ಲೆಕ್ಕದವರೆಗೆ (ಈ ತಿಂಗಳು ಏಳು) ಎಲ್ಲವೂ ದಾಖಲಾಗಿದೆ. ಈ ಗುಣ ಮೆಚ್ಚಿಯೇ ಮರಾಠಿ ಸೀಮೆಯ ಚಿಕಲಠಾಣಾದ ನಮ್ಮ ಕಾರ್ಖಾನೆಯ ಸಾಹೇಬರು ಪೇಟೆಂಟ್ ವಿಭಾಗವನ್ನು ನನಗೆ ಒಪ್ಪಿಸಿದರು. ಕಂಪನಿಯ ಹೊಸ ಯುಕ್ತಿಗಳನ್ನು ನೋಂದಾಯಿಸುವುದು, ಗಿರಾಕಿ ಸಿಕ್ಕರೆ ಬಳಸುವ ಹಕ್ಕನ್ನು ಮಾರುವುದು ಅದರ ಕೆಲಸ. ವಿಭಾಗವೆಂದರೆ ನಾನು ಮತ್ತು ಒಂದು ಕಪಾಟು.

ನಾವು ಪೆಟ್ಟಿಗೆಗಳಿಗೆ ಪ್ಲಾಸ್ಟಿಕ್ ಪಟ್ಟಿ ಬಿಗಿಯುವ ಯಂತ್ರ ತಯಾರಿಸುತ್ತೇವೆ. ದ್ರಾಕ್ಷಿಯ ಪೆಟ್ಟಿಗೆ ಸಿಕ್ಕರೆ ಮಾತ್ರ ಅದು ಹಣ್ಣಿನ ಸಮೇತ ಅಪ್ಪಚ್ಚಿ ಮಾಡುತ್ತಿತ್ತು. ಕಲಬುರಗಿ ಕಡೆಯ ಫಿಟ್ಟರ್ ಶರಣಪ್ಪ ಕಾಕಾ ಒಂದು ಸ್ಪ್ರಿಂಗನ್ನು ಕೈಯಿಂದಲೇ ಬಗ್ಗಿಸಿ ಕೂರಿಸಿದ ಮೇಲೆ ಬಿಗಿತ ಬೇಕಾದಲ್ಲಿಗೆ ನಿಂತಿತು. ಹನ್ನೊಂದು ವರ್ಷದಿಂದ ಗುತ್ತಿಗೆಯ ಮೇಲೆ ದುಡಿಯುತ್ತಿದ್ದ ಅವರಿಗೆ ಸಾಹೇಬರು ಮಾತು ಕೊಟ್ಟರು: ನಾಸಿಕ್‌ನ ದ್ರಾಕ್ಷಿ ಕಂಪನಿ ಈ ಪೇಟೆಂಟಿನ ಹಕ್ಕು ಕೊಂಡರೆ ನೌಕರಿ ಕಾಯಂ.

ಸಾಹೇಬರು, ಕಾಕಾ, ನಾನು ಮೂವರೂ ರೈಲಿನಲ್ಲಿ ನಾಸಿಕ್‌ಗೆ ಹೊರಟೆವು. ಮನ್ಮಾಡ್ ಬರುವಷ್ಟರಲ್ಲಿ ಕಾಕಾ ಮೂರನೇ ಸಲ ಕೇಳಿದರು, “ಯವ್ವಾ, ಆ ಕಾಗದದಾಗ ನನ್ನ ಹೆಸರು ಖರೇನೇ ಅದ ಏನು?”

“ಅದರೀ ಕಾಕಾ. ಯುಕ್ತಿ ಯಾರದು ಅನ್ನೋ ಕಡೆ ನಿಮ್ದೊಂದೇ ಅದ.”

“ಹಂಗಾದ್ರ ಕಾಯಂ ಆತು ಅನ್ನು.”

ನಾಸಿಕ್ ಕಂಪನಿಯ ವಕೀಲೆ ಕಡತವನ್ನೆಲ್ಲ ತಿರುವಿ ಒಂದೇ ಪ್ರಶ್ನೆ ಕೇಳಿದರು. ಅರ್ಜಿ ಹಾಕುವ ಮೊದಲು ಹೊರಗಿನವರು ಯಾರಾದರೂ ಈ ಯಂತ್ರ ನೋಡಿದ್ದರೇ? ನೋಡಿದ್ದರೆ ಅದು ಹೊಸತಲ್ಲ, ಹೊಸತಲ್ಲದ್ದಕ್ಕೆ ಪೇಟೆಂಟು ನಿಲ್ಲುವುದಿಲ್ಲ. “ಛೇ, ಯಾರೂ ಇಲ್ಲ” ಎಂದು ಸಾಹೇಬರು ಸಾಕ್ಷಿಗಾಗಿ ನನ್ನತ್ತ ತಿರುಗಿದರು. ನಾನು ದಿನಚರಿ ತೆಗೆದೆ.

ಖಂಡೇನವಮಿ, ಆಯುಧಪೂಜೆಯ ದಿನ. ಹೊಸ ಯಂತ್ರಕ್ಕೆ ಚೆಂಡುಹೂವಿನ ಮಾಲೆ, ಕುಂಕುಮ. ಪೂಜೆಗೆ ಬಂದ ಹೊರಗಿನವರು ಮೂವತ್ತೆಂಟು. ಕಾಕಾ ಯಂತ್ರ ನಡೆಸಿ ತೋರಿಸಿದ್ದು ಹದಿನಾಲ್ಕು ಸಲ. ಅಷ್ಟೇ ಆಗಿದ್ದರೆ ಹೇಗೋ ಆಗುತ್ತಿತ್ತು. ಅಚ್ಚುಕಟ್ಟಾಗಿರಲೆಂದು ನಾನೇ ಒಂದು ವಹಿ ಇಟ್ಟು, ‘ಹೊಸ ಯಂತ್ರ ನೋಡಿದ್ದೇನೆ’ ಎಂಬ ಅಂಕಣದಲ್ಲಿ ಪ್ರತಿಯೊಬ್ಬರ ಸಹಿ ಹಾಕಿಸಿದ್ದೆ. ಅರ್ಜಿ ಹೋದದ್ದು ದೀಪಾವಳಿಯ ನಂತರ. ಕಾಕಾ ನಕ್ಷೆ ಕೊಟ್ಟದ್ದು ದಸರೆಗೂ ಒಂದು ತಿಂಗಳು ಮುಂಚೆ. ನಡುವೆ ನಾನು ಅರ್ಜಿಯನ್ನು ನಾಲ್ಕು ಸಲ ಹೊಸದಾಗಿ ಬರೆದೆ, ಅಂಚುಗಳು ಸಮವಾಗಿರಲಿಲ್ಲ.

“ಇಷ್ಟು ಚೊಕ್ಕ ಪುರಾವೆಯನ್ನು ನನ್ನ ವಿರೋಧಿಗಳೂ ಕೊಟ್ಟಿಲ್ಲ” ಎಂದು ವಕೀಲೆ ಕಡತ ಮುಚ್ಚಿದರು. ಸಾಹೇಬರು ನೀರು ಕುಡಿದರು. ಕಾಕಾ ನನ್ನ ಮುಖ ನೋಡಿದರು. ಹನ್ನೊಂದು ವರ್ಷವಾದರೂ ಮರಾಠಿ ಹತ್ತದ ಅವರಿಗೆ ಆದದ್ದನ್ನೆಲ್ಲ ಕನ್ನಡದಲ್ಲಿ ಹೇಳಿದೆ. ಅವರು ನಾಸಿಕ್‌ನವರತ್ತ ಕೈ ತೋರಿಸಿ, “ಇವರಿಗೆ ಆ ಸ್ಪ್ರಿಂಗ್ ಬಗ್ಗಸಾಕ ಬರ್ತದ ಏನು? ಕೇಳು” ಎಂದರು.

ಕೇಳಿದೆ. ನಾವು ಮೊದಲೇ ಕಳಿಸಿದ್ದ ನಕ್ಷೆ ನೋಡಿ ಮೂರು ಸಲ ಮಾಡಿದ್ದರಂತೆ, ಮೂರು ಸಲವೂ ದ್ರಾಕ್ಷಿ ರಸವಾಗಿತ್ತಂತೆ.

“ಹಂಗಾದ್ರ ಸಾಹೇಬ್ರಿಗೆ ಹೇಳು ಯವ್ವಾ. ಕಾಗದದಾಗಿಂದು ನೀ ಕಳದಿ, ಕೈಯಾಗಿಂದು ಇನ್ನಾ ಅದ. ಕಾಯಂ ಮಾಡಿದ ಮ್ಯಾಲ ಇವರಿಗೆ ಕಲಸ್ತೀನಿ.”

ನಾನು ಅಕ್ಷರ ಬಿಡದೆ ಮರಾಠಿಗೆ ತಿರುಗಿಸಿದೆ. ‘ನೀ ಕಳದಿ’ ಎಂಬುದನ್ನು ಮಾತ್ರ ಬಿಟ್ಟೆ.

ಪೇಟೆಂಟಿನ ಬದಲು ಕೈಚಳಕ ಕಲಿಸುವುದಕ್ಕೇ ಕರಾರಾಯಿತು. ಕಾಯಂ ಪತ್ರ ಜೇಬಿಗೆ ಬಂದ ಮರುವಾರ ಕಾಕಾ ಮತ್ತೆ ನಾಸಿಕ್‌ಗೆ ಬಂದರು, ಜೊತೆಗೆ ನಾನೂ. ಈ ಸಲ ಗುಟ್ಟು ಹೊರಬೀಳಬಾರದೆಂದು ಕಲಿಕೆಯ ಕೋಣೆಗೆ ಮೊಬೈಲು, ಪೆನ್ನು ನಿಷಿದ್ಧ. ಬರೆದುಕೊಳ್ಳುವುದೇ ನನ್ನ ನೌಕರಿ ಎಂದು ನಾನು ವಾದಿಸಿದೆ.

“ಅದಕ್ಕ ನೀ ಹೊರಗ ಕೂಡು ಯವ್ವಾ” ಎಂದು ಕಾಕಾ ಮೆತ್ತಗೆ ಹೇಳಿ ಬಾಗಿಲು ಹಾಕಿಕೊಂಡರು.

ಕಾವಲುಗಾರ ಎಲ್ಲವನ್ನೂ ಒಂದು ಡಬ್ಬಿಗೆ ತುಂಬಿ ಬೀಗ ಹಾಕಿದ. ಮೊಬೈಲು ಆರು, ಪೆನ್ನು ಒಂಬತ್ತು. ಒಂಬತ್ತರಲ್ಲಿ ನಾಲ್ಕು ನನ್ನವು. ಮರೆತುಹೋಗದಿರಲೆಂದು ಬಾಗಿಲು ತೆರೆಯುವವರೆಗೆ ಆ ಲೆಕ್ಕವನ್ನು ಬಾಯಲ್ಲೇ ಹೇಳಿಕೊಳ್ಳುತ್ತ ಕೂತಿದ್ದೆ.