ಆವಿಯ ಪಾಠ ಹೇಳಿದವನ ರೈಲು

ಇಪ್ಪತ್ತೆಂಟು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟ ನನಗೆ ಕಲ್ಲಿದ್ದಲು ಹೊತ್ತಿಸಲು ಬರುತ್ತಿರಲಿಲ್ಲ ಎಂದು ಒಪ್ಪಿಕೊಳ್ಳಲು ಈಗ ನಾಚಿಕೆಯಿಲ್ಲ. ಈಗ ಬರುತ್ತದಲ್ಲ! ಕಲಿಸಿದವರು ಲಗ್ಗೆರೆಯ ರುದ್ರಪ್ಪ. ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು. ಹನ್ನೊಂದು ವರ್ಷ ಕೂತು, ಮೊಣಕಾಲೆತ್ತರದ ನಿಜವಾದ ಉಗಿ ರೈಲು ಎಂಜಿನ್ ಮಾಡಿದ್ದಾರೆ. ಕೆಂಗೇರಿಯಲ್ಲಿ ಅವರ ಭಾವಮೈದುನನ ಖಾಲಿ ಜಮೀನಿನ ಸುತ್ತ ಹಳಿ ಹಾಕಿದ್ದಾರೆ. ಅದನ್ನು ನೋಡಲು ಹೋದಾಗ ಆವಿಯ ಬಗ್ಗೆ ನಾನು ಕೊಟ್ಟ ಉಪನ್ಯಾಸವನ್ನು ಪೂರ್ತಿ ಕೇಳಿ, "ಸರಿ ಸಾರ್, ಭಾನುವಾರ ಬಂದು ಓಡ್ಸಿ" ಎಂದುಬಿಟ್ಟರು.

ಮೊದಲ ಭಾನುವಾರ ಪ್ರೀತಿಯಿಂದ ಎಂಜಿನ್ನಿನ ಒಲೆಯ ಬಾಯಿ ತುಂಬ ಕಲ್ಲಿದ್ದಲು ಸುರಿದೆ. ಬೆಂಕಿ ಉಸಿರುಕಟ್ಟಿ ಸತ್ತಿತು. "ಮಗೂಗೆ ತಿನ್ಸಿದ ಹಾಗೆ ಚೂರ್ ಚೂರೇ ಹಾಕ್ಬೇಕು ಸಾರ್" ಎಂದರು ರುದ್ರಪ್ಪ.

ಎರಡನೆಯ ಭಾನುವಾರ ಬೆಂಕಿ ಎಷ್ಟು ಚೆನ್ನಾಗಿ ಉರಿಯಿತೆಂದರೆ, ಅದನ್ನೇ ನೋಡುತ್ತಾ ನೀರು ಮರೆತೆ. ಬಾಯ್ಲರಿನ ಮಟ್ಟ ತೋರಿಸುವ ಗಾಜಿನ ಕೊಳವೆಯಲ್ಲಿ ನೀರು ತಳ ಮುಟ್ಟುತ್ತಿತ್ತು. ರುದ್ರಪ್ಪ ಓಡಿಬಂದು ಬೆಂಕಿಯನ್ನೆಲ್ಲ ಕೆಳಕ್ಕೆ ಎಳೆದು ಹಾಕಿದರು. ಬೈಯಲಿಲ್ಲ. "ಇದು ಸುಟ್ಹೋದ್ರೆ ಇನ್ನೊಂದು ಮಾಡೋ ವಯಸ್ಸಲ್ಲ ಸಾರ್ ನಂದು" ಎಂದರು, ಅಷ್ಟೇ. ಬೈದಿದ್ದರೆ ಆ ವಾರವೆಲ್ಲ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದೆ.

ಮೂರನೆಯ ಸಲ ಹೋಗುವುದೇ ಬೇಡವೆಂದಿದ್ದೆ. ಅವರೇ ಫೋನ್ ಮಾಡಿ, "ಮೇಡಮ್ಮನ್ನೂ ಕರ್ಕೊಂಡ್ಬನ್ನಿ, ಪ್ಯಾಸೆಂಜರ್ ಬೇಕು" ಎಂದರು. ನನ್ನ ಹೆಂಡತಿ ಸರೋಜ ಹಿಂದಿನ ಪುಟ್ಟ ಡಬ್ಬಿಯ ಮೇಲೆ ನನ್ನ ಬೆನ್ನ ಹಿಂದೆ ಕಾಲು ಚಾಚಿ ಕುಳಿತಳು. ಅರ್ಧ ಸುತ್ತು ಸಲೀಸು. ಆಮೇಲೆ ಏರು ಬಂತು. ಒತ್ತಡದ ಮುಳ್ಳು ಇಳಿಯುತ್ತಾ ಹೋಗಿ, ಎಂಜಿನ್ ನಿಂತಿತು.

"ರೀ, ಇಳಿದು ತಳ್ಳಲಾ?"

"ಸುಮ್ನೆ ಕೂತ್ಕೊಳೇ!"

ರುದ್ರಪ್ಪ ದೂರದಲ್ಲಿ ಕೈಕಟ್ಟಿ ನಿಂತಿದ್ದರು, ಒಂದು ಹೆಜ್ಜೆಯೂ ಮುಂದೆ ಬರಲಿಲ್ಲ. ನೀರು ನೋಡಿದೆ, ಸಾಕಷ್ಟಿತ್ತು. ಬೆಂಕಿ ಕೆದಕಿ ಚೂರೇ ಚೂರು ಕಲ್ಲಿದ್ದಲು ಹಾಕಿ ಕಾದೆ. ಮುಳ್ಳು ನಿಧಾನವಾಗಿ ಮೇಲೆದ್ದಿತು. ಉಗಿ ಬಿಡುವ ಹಿಡಿಯನ್ನು ಮೆಲ್ಲಗೆ ಎಳೆದೆ. ಛುಕ್! ಏರು ಹತ್ತಿದೆವು. ಇಬ್ಬರ ತೂಕ ಹೇಳುವುದಿಲ್ಲ, ಎಂಜಿನ್ನಿಗೆ ಗೊತ್ತು. ರುದ್ರಪ್ಪ ಬಂದು ನನ್ನ ಮಸಿಗೈ ಕುಲುಕಿ, "ಡ್ರೈವರ್ ಆದ್ರಿ ಸಾರ್" ಎಂದರು. ಕಾಲೇಜಿನ ಬೀಳ್ಕೊಡುಗೆಯಲ್ಲೂ ನನ್ನ ಕಣ್ಣು ಹಾಗೆ ತುಂಬಿರಲಿಲ್ಲ.

ಮುಖದ ಮಸಿ ತೊಳೆಯದೆ ಮೆಟ್ರೋ ಹತ್ತಿದೆ, ಯಾರಾದರೂ ಕೇಳಲಿ ಎಂದು. ಪಕ್ಕದ ಯುವಕ ಕೇಳಿಯೇಬಿಟ್ಟ, "ಏನಾಯ್ತು ಅಂಕಲ್?" ಮೊದಲ ಭಾನುವಾರದಿಂದ ಶುರುಮಾಡಿದೆ. ನಾವು ವಿಜಯನಗರದಲ್ಲಿ ಇಳಿದಾಗ ಅವನೂ ಇಳಿದು, ಎದುರಿನ ಪ್ಲಾಟ್‌ಫಾರಂ ಕಡೆ ಓಡಿದ. ಪಾಪ, ನಾಲ್ಕು ನಿಲ್ದಾಣ ಹಿಂದೆಯೇ, ನಾಯಂಡಹಳ್ಳಿಯಲ್ಲಿ ಇಳಿಯಬೇಕಿತ್ತಂತೆ.