ಬೀಗರ ನಡುವೆ ಒಂದು ಆಮೆನ್

ಬೇರೆಯವರ ಮನೆಗೆ ಬೀಗರು ಬಂದರೆ ಸಾರಿಗೆ ಉಪ್ಪು ಸರಿಯಾಗಿದೆಯೋ ಇಲ್ಲವೋ ಅಂತ ಹೆದರುತ್ತಾರೆ. ನಮ್ಮ ಮನೆಗೆ ಬೀಗರು ಬಂದರೆ ಪೋಪಿನ ವಿಷಯ ಎಲ್ಲಿ ಬಂದುಬಿಡುತ್ತದೋ ಅಂತ ನಾನು ಹೆದರುತ್ತೇನೆ. ಮದುವೆಯಾದಾಗಿನಿಂದ ಹೆದರುತ್ತಲೇ ಇದ್ದೇನೆ. ಒಂದು ಸಲವೂ ಬರದೆ ಹೋಗಿಲ್ಲ.

ನನ್ನ ತವರು ಟಿ. ನರಸೀಪುರ. ಅಪ್ಪ ಪ್ರೈಮರಿ ಸ್ಕೂಲಿನ ಹೆಡ್‌ಮಾಸ್ಟರಾಗಿ ರಿಟೈರಾದವರು. ಅಲ್ಲಿನ ಪ್ರಾಟೆಸ್ಟೆಂಟರ ಪುಟ್ಟ ಸಭೆಯೊಂದರಲ್ಲಿ ಹಿರಿಯರು. ಯಾರು ಏನೇ ಹೇಳಲಿ, ಬೈಬಲ್ ಮುಂದಿಟ್ಟು "ಸತ್ಯವೇದದಲ್ಲಿ ಎಲ್ಲಿದೆ, ತೋರಿಸಿ" ಅನ್ನುವುದು ಅವರ ಅಭ್ಯಾಸ. ಮದುವೆಯಾಗಿ ಬಂದದ್ದು ನಂಜನಗೂಡಿನ ಕಥೋಲಿಕರ ಮನೆಗೆ. ನಮ್ಮತ್ತೆ ಸಿಸ್ಟರುಗಳ ಹಾಸ್ಟೆಲ್ಲಿನಲ್ಲಿ ಬಹಳ ವರ್ಷ ಅಡುಗೆ ಮಾಡಿದವರು. ಯಾರು ಏನೇ ಹೇಳಲಿ, "ಫಾದರ್ನ ಒಂದ್ ಮಾತು ಕೇಳ್ಬುಡಾವ" ಅನ್ನುವುದು ಅವರ ಅಭ್ಯಾಸ. ನನ್ನ ಗಂಡ ಕಾರ್ಖಾನೆಯಲ್ಲಿ ಸೂಪರ್‌ವೈಸರು. ಜಗಳದ ವಾಸನೆ ಬಡಿದ ಕೂಡಲೇ ಅವರಿಗೆ ಫ್ಯಾಕ್ಟರಿಯಿಂದ ಫೋನ್ ಬರುತ್ತದೆ. ಎಷ್ಟೋ ಸಲ ಫೋನು ಸ್ವಿಚ್ ಆಫ್ ಆಗಿದ್ದಾಗಲೂ ಬಂದಿದೆ. ಉಳಿಯುವವಳು ನಾನೊಬ್ಬಳೇ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಅಲ್ಲಿ ಎರಡು ಕಡೆಯನ್ನು ಸಮ ಮಾಡುವುದು ಸುಲಭ.

ಫೋಟೋದಲ್ಲಿ ಹುಡುಗಿ ಎಲ್ಲಿ?

ನನ್ನ ಮದುವೆ ಗೊತ್ತಾದಾಗ, ಹುಡುಗಿ ಬೇರೆ ಸಭೆಯವಳಾದ್ದರಿಂದ ಬಿಷಪ್ಪರ ಅನುಮತಿ ಬೇಕು, ಅದಕ್ಕೆ ಅವಳ ದೀಕ್ಷಾಸ್ನಾನದ ಸರ್ಟಿಫಿಕೇಟ್ ತನ್ನಿ ಎಂದರು ನಂಜನಗೂಡಿನ ಚರ್ಚಿನ ಫಾದರ್. ವಯಸ್ಸಾದವರು, ತುಂಬ ಸಾಧು.

ಅಪ್ಪನಿಗೆ ರೇಗಿತು. "ಹೆಣ್ಣು ಕೊಡೋನು ನಾನು ಒಪ್ಪಿದ್ದೀನಿ. ತರೋರು ಅವರು ಒಪ್ಪಿದ್ದಾರೆ. ಮಧ್ಯೆ ಬಿಷಪ್ಪರು ಯಾಕೆ ಒಪ್ಪಬೇಕು?"

"ಪದ್ಧತಿ ಅಪ್ಪ," ಎಂದೆ.

"ನಂಬಿಕೆ ಅನ್ನೋದು ಮನಸ್ಸಿನ ವಿಷಯ. ಅದಕ್ಕೆ ಸರ್ಟಿಫಿಕೇಟ್ ಕೊಡೋಕೆ ಅದೇನು ಎಸೆಸ್ಸೆಲ್ಸಿಯಾ?"

ನಮ್ಮ ಸಭೆಯಲ್ಲಿ ನಿಜಕ್ಕೂ ಸರ್ಟಿಫಿಕೇಟ್ ಕೊಡುವ ಪದ್ಧತಿ ಇರಲಿಲ್ಲ. ದೊಡ್ಡವರಾಗಿ ನಾವಾಗಿಯೇ ನಂಬಿ ಕೇಳಿಕೊಂಡ ಮೇಲೆ ಹೊಳೆಯಲ್ಲಿ ಮುಳುಗಿಸುತ್ತಾರೆ, ಅಷ್ಟೆ. ನನಗೂ ಪಿಯುಸಿಯಲ್ಲಿದ್ದಾಗ ಸಂಗಮದ ಹತ್ತಿರ ಆಗಿತ್ತು. ಮದುವೆಗೆ ಇನ್ನು ಇಪ್ಪತ್ತು ದಿನ. ಛತ್ರ ಬುಕ್ ಆಗಿದೆ, ಪತ್ರಿಕೆ ಹಂಚಿಯಾಗಿದೆ. "ಸರ್ಟಿಫಿಕೇಟ್ ಇಲ್ಲದಿದ್ದರೆ ಸಾಕ್ಷಿಯೋ ಫೋಟೋನೋ ಇದ್ದರೂ ನಡೆಯುತ್ತೆ" ಎಂದು ಫಾದರ್ ದಾರಿ ಬಿಟ್ಟರು.

ಅಪ್ಪ ಟ್ರಂಕು ಮಗುಚಿ ಒಂದೇ ಒಂದು ಫೋಟೋ ಹುಡುಕಿದರು. ಸ್ಟುಡಿಯೋದವನು ಒಂದು ಕ್ಷಣ ತಡವಾಗಿ ಕ್ಲಿಕ್ ಮಾಡಿದ್ದ. ಫಾದರ್ ಕನ್ನಡಕ ಹಾಕಿಕೊಂಡು ನೋಡಿದರು. ತೆಗೆದು ಒರೆಸಿ ಮತ್ತೆ ನೋಡಿದರು. ಸೊಂಟದವರೆಗೆ ನೀರಿನಲ್ಲಿ ನಿಂತ ಪಾಸ್ಟರ್ ಇದ್ದಾರೆ, ದಡದಲ್ಲಿ ಅಪ್ಪ ಇದ್ದಾರೆ, ಹಿಂದೆ ಒಂದು ಎಮ್ಮೆ ಇದೆ.

"ಮಾಸ್ಟ್ರೇ, ಇದರಲ್ಲಿ ಹುಡುಗಿ ಎಲ್ಲಿ?"

ಅಪ್ಪ ಪಾಸ್ಟರ ಕೈಯ ಕೆಳಗಿನ ನೊರೆಯ ಮೇಲೆ ಬೆರಳಿಟ್ಟರು. "ಒಳಗಿದ್ದಾಳೆ ಸಾರ್."

ಊಟಕ್ಕೆ ಮುಂಚೆ

ಮದುವೆಯಾಗಿ ಎರಡು ತಿಂಗಳಿಗೆ ಅಪ್ಪ ಮೊದಲ ಸಲ ಊಟಕ್ಕೆ ಬಂದರು. ಬಿಸಿ ಮುದ್ದೆ, ನಾಟಿ ಕೋಳಿ ಸಾರು. ಅತ್ತೆ ಊಟದ ಮುಂಚೆ ಶಿಲುಬೆ ಗುರುತು ಹಾಕಿಕೊಂಡು, ಬಾಯಿಪಾಠದ ನಾಲ್ಕು ಸಾಲು ಹೇಳಿ ಮುಗಿಸುವವರು. ಮರ್ಯಾದೆಗೆ, "ಬೀಗ್ರೇ, ಇವತ್ತು ನೀವೇ ಪ್ರಾರ್ಥ್ನೆ ಮಾಡಿ" ಅಂದುಬಿಟ್ಟರು.

ಅಪ್ಪನ ಪ್ರಾರ್ಥನೆ ಬಾಯಿಪಾಠದ್ದಲ್ಲ. ಹೃದಯದಿಂದ ಬರುವಂಥದ್ದು. ಅದಕ್ಕೇ ಬೇಗ ಮುಗಿಯುವುದಿಲ್ಲ. ಮಳೆಗೆ, ಬೆಳೆಗೆ, ರೋಗಿಗಳಿಗೆ ಬೇಡಿಕೊಂಡಾಯಿತು. ಸಾರಿನ ಮೇಲೆ ಕೆನೆ ಕಟ್ಟಿತು. ಆಮೇಲೆ ಸ್ವರ ಏರಿತು. "ಕರ್ತನೇ, ನಿನ್ನ ಬಳಿಗೆ ನೇರವಾಗಿ ಬರದೆ ಮನುಷ್ಯರನ್ನು ನಂಬಿ ಕೂತವರ ಕಣ್ಣು ತೆರೆ." ಉಸಿರು ಎಳೆದುಕೊಳ್ಳಲು ನಿಲ್ಲಿಸಿದರು.

"ಆಮೆನ್!" ಎಂದರು ಅತ್ತೆ.

ಅಪ್ಪ ಒಂದು ಕಣ್ಣು ತೆರೆದು ಮುಂದುವರಿಸಿದರು. "ಸಂಪ್ರದಾಯದ ಕಟ್ಟುಗಳನ್ನು ಬಿಡಿಸು."

"ಆಮೆನ್!"

"ಈ ಮನೆಯಲ್ಲೂ..."

"ಆಮೆನ್, ಆಮೆನ್!"

ಅಪ್ಪ ಸೋತು ಮುದ್ದೆಗೆ ಕೈ ಹಾಕಿದರು. ಅದು ಆಗಲೇ ಗಟ್ಟಿಯಾಗಿ ಕೂತಿತ್ತು. "ನೀವು ಅಡ್ಡ ಬಂದಿರಿ ಬೀಗ್ರೇ," ಎಂದರು ಬೇಜಾರಿನಲ್ಲಿ.

"ಅಡ್ಡ ಎಲ್ ಬಂದೆ? ನೀವ್ ಏಳುದ್ದನ್ನೆಲ್ಲ ಒಪ್ಕಂಡೆ," ಎಂದು ಅತ್ತೆ ಎರಡನೇ ಮುದ್ದೆ ಬಡಿಸಿದರು.

ಎಷ್ಟು ಪೋಪು?

ಇದು ಚಿಕ್ಕದು. ಅಪ್ಪನ ಸಭೆಯಲ್ಲಿ ಇದ್ದದ್ದೇ ಹನ್ನೊಂದು ಮನೆ. ಒಂದು ವಚನದ ಅರ್ಥದ ಮೇಲೆ ಅಪ್ಪನಿಗೂ ಪಾಸ್ಟರಿಗೂ ಮಾತಿಗೆ ಮಾತು ಬೆಳೆದು ಸಭೆ ಎರಡಾಯಿತು. ಒಂದು ಹಳೇ ಜಾಗದಲ್ಲಿ, ಇನ್ನೊಂದು ಟೈರ್ ಅಂಗಡಿಯ ಮಹಡಿಯಲ್ಲಿ. ಆರು ತಿಂಗಳಿಗೆ ಮಹಡಿಯದ್ದೂ ಎರಡಾಯಿತು. ಅಪ್ಪನಿಗೆ ನಿದ್ದೆ ಇಲ್ಲ, ಬಿಪಿ ಏರಿದೆ. ಅತ್ತೆಗೆ ಗೊತ್ತಾಗದಿರಲಿ ಎಂದು ನಾನು ಬಾಯಿ ಬಿಗಿಹಿಡಿದಿದ್ದೆ. ಆದರೆ ಹೆಮ್ಮಿಗೆಯಿಂದ ಬಂದ ನೆಂಟರೊಬ್ಬರು ಬಾಗಿಲಲ್ಲೇ ಹೇಳಿಬಿಟ್ಟರು.

ಅತ್ತೆ ನಗಲಿಲ್ಲ. ನಿಜವಾಗಿಯೂ ನೊಂದುಕೊಂಡರು. ಅಪ್ಪ ಬಂದಾಗ ಕಾಫಿ ಕೊಟ್ಟು, ಮೆಲ್ಲಗೆ ಹೇಳಿದರು. "ಬ್ಯಾಸ್ರ ಮಾಡ್ಕಬ್ಯಾಡಿ ಬೀಗ್ರೇ. ನಮ್ಗೆ ಇರಾದು ಒಬ್ರೇ ಪೋಪು. ಅವ್ರೂ ದೂರ ಅವ್ರೆ, ಹೆಂಗೋ ನಡೀತದೆ. ಪಾಪ, ನಿಮ್ಗೆ ಮನ್ಮನೆಗೂ ಒಬ್ಬೊಬ್ರು."

ಅಡುಗೆಮನೆಯ ನೀರು

ಮಗಳು ಹುಟ್ಟಿದ ಮೇಲೆ ಶುರುವಾದದ್ದು ನಿಜವಾದ ಯುದ್ಧ. ನಲವತ್ತು ದಿನದೊಳಗೆ ದೀಕ್ಷಾಸ್ನಾನ ಆಗಬೇಕು ಎಂದು ಅತ್ತೆ. ಮಗು ದೊಡ್ಡದಾಗಿ ತಾನೇ ನಂಬಿ ತಾನೇ ತೀರ್ಮಾನ ಮಾಡಬೇಕು ಎಂದು ಅಪ್ಪ. "ಹಾಲು ಬೇಕೋ ಬೇಡ್ವೋ ಅಂತಾನೂ ಅವಳ್ನೇ ಕೇಳ್ಕಂಡು ಕುಡಿಸ್ತೀರಾ?" ಎಂದು ಅತ್ತೆ. "ಹಾಲಿಗೆ ಅವಳೇ ಅಳ್ತಾಳೆ, ದೀಕ್ಷಾಸ್ನಾನಕ್ಕೆ ಅತ್ತಿದ್ದು ನಾನು ಕೇಳಿಲ್ಲ," ಎಂದು ಅಪ್ಪ. ನನ್ನ ಗಂಡನಿಗೆ ಫ್ಯಾಕ್ಟರಿಯಿಂದ ಫೋನು. ಯಾರ ಮಾತು ಕೇಳಿದರೂ ಇನ್ನೊಬ್ಬರ ಮುಖ ನೋಡುವ ಹಾಗಿಲ್ಲ. ನಾನು ಮಗುವನ್ನು ತಬ್ಬಿಕೊಂಡು ಅಳುತ್ತಿದ್ದೆ. ಐದು ತಿಂಗಳು ಹೀಗೇ ಕಳೆಯಿತು.

ಒಂದು ಬೆಳಿಗ್ಗೆ ಮಗುವಿಗೆ ಮೈ ಬಿಸಿಯಾಯಿತು. ನಾನು ಔಷಧಿ ತರಲು ಹೋಗಿ ಬರುವಷ್ಟರಲ್ಲಿ ಮಗುವಿನ ತಲೆ ಒದ್ದೆ. ಅತ್ತೆ ಸೆರಗಿನಲ್ಲಿ ಒರೆಸುತ್ತಾ ನಿಂತಿದ್ದಾರೆ.

"ತಪ್ಪು ತಿಳ್ಕಬ್ಯಾಡ ಕಣವ್ವ. ಭಯ ಆಗೋಯ್ತು. ತುರ್ತಿದ್ರೆ ದೀಕ್ಷಾಸ್ನಾನ ಯಾರ್ ಬೇಕಾರೂ ಮಾಡ್ಬೋದು ಅಂತ ಸಿಸ್ಟರ್ ಏಳ್ಕೊಟ್ಟಿದ್ರು. ಅದ್ಕೇ ಚೊಂಬ್ನಲ್ಲಿ ನೀರು ತಕಂಡು ಮೂರ್ ಸರ್ತಿ ಉಯ್ದು ಮಾಡ್ಬುಟ್ಟೆ."

ಜ್ವರ ಸಂಜೆಗೆ ಇಳಿಯಿತು. ಅತ್ತೆಯ ಭಯ ಏರಿತು. ಚರ್ಚಿಗೆ ಓಡಿದರು. ಫಾದರ್ ಬೈದರಂತೆ. ಹಲ್ಲು ಬರುವ ಜ್ವರ ತುರ್ತಲ್ಲ, ಮಗುವಿನ ಅಪ್ಪ ಅಮ್ಮನನ್ನೂ ಕೇಳಿಲ್ಲ. ಆದರೆ ಮಾಡಿದ್ದು ಮಾಡಿದ್ದೇ, ಇನ್ನೊಂದು ಸಲ ಮಾಡುವಂತಿಲ್ಲ, ಬರೆದುಕೊಳ್ಳುತ್ತೇನೆ ಎಂದರಂತೆ.

ಅಪ್ಪ ಮನೆಗೆ ಬಂದಾಗ ಈ ಸುದ್ದಿಯನ್ನು ನಾನೇ ಹೇಳಿದೆ. ಅಪ್ಪ ಪೂರ್ತಿ ಕೇಳಿದರು. ಎದ್ದರು. ಅತ್ತೆಯ ಮುಂದೆ ಹೋಗಿ ನಿಂತರು. ಹೋಯಿತು ಸಂಬಂಧ ಅಂದುಕೊಂಡೆ.

"ಬೀಗ್ರೇ, ಫಾದರ್ ಇರಲಿಲ್ಲವಾ?"

"ಇಲ್ಲ."

"ಬಿಷಪ್ಪರ ಅನುಮತಿ?"

"ಇಲ್ಲ."

"ನೀವೇ, ನಿಮ್ಮ ನಂಬಿಕೆ ಮೇಲೆ, ನೇರವಾಗಿ?"

"ಊಂ."

ಅಪ್ಪನ ಮುಖ ಅರಳಿತು. "ನಾವು ಇಷ್ಟು ವರ್ಷ ಬಡ್ಕೊಳ್ತಿರೋದೂ ಅದನ್ನೇ ಅಲ್ವೇ? ನೀವು ಪಕ್ಕಾ ಪ್ರಾಟೆಸ್ಟೆಂಟ್!"

ಮಾರನೆಯ ದಿನ ಅತ್ತೆ ತಪ್ಪು ಒಪ್ಪಿಕೊಳ್ಳಲು ಫಾದರ್ ಹತ್ತಿರ ಪಾಪನಿವೇದನೆಗೆ ಹೋದರು. ಯಾಕೆ, ಅದು ಆಗಲೇ ಮುಗಿಯಿತಲ್ಲ ಅಂದರೆ, "ಮಗೀಗೆ ಮಾಡಿದ್ದಕ್ಕಲ್ಲ ಕಣವ್ವ. ನಿಮ್ಮಪ್ಪ ಅಂಗಂದಾಗ ಒಂದ್ ಗಳ್ಗೆ ಕುಸಿಯಾಯ್ತಲ್ಲ, ಅದ್ಕೆ" ಎಂದರು.

ಫ್ಯಾನಿನ ಕೆಳಗಿನ ಹಾಸಿಗೆ

ಹೋದ ವರ್ಷ ಅಪ್ಪನಿಗೆ ಹರ್ನಿಯಾ ಆಪರೇಷನ್ ಎಂದರು. ಎಪ್ಪತ್ತೈದು ವಯಸ್ಸು, ಬಿಪಿ ಬೇರೆ. ನಂಜನಗೂಡಿನಲ್ಲೇ ಒಂದು ಆಸ್ಪತ್ರೆಗೆ ಸೇರಿಸಿದೆವು. ಅತ್ತೆಗೆ ಒಂದೇ ಚಿಂತೆ. "ಫಾದರ್ ಕೈಲಿ ಎಣ್ಣೆ ಅಚ್ಚುಸ್ದೆ ಒಳಿಕ್ಕೆ ಕಳುಸ್ಬಾರ್ದು ಕಣವ್ವ." ರೋಗಿಗಳಿಗೆ ಫಾದರ್ ಪವಿತ್ರ ಎಣ್ಣೆ ಹಚ್ಚಿ ಪ್ರಾರ್ಥಿಸುವುದು ಅವರಲ್ಲಿ ದೊಡ್ಡ ಸಂಸ್ಕಾರ. ಅಪ್ಪ ಸುತರಾಂ ಒಪ್ಪರು ಅಂತ ನನಗೆ ಗೊತ್ತು. ಬೇಡ ಅತ್ತೆ, ಬಿಪಿ ಏರುತ್ತೆ ಎಂದು ಕೈಮುಗಿದೆ. ಅವರು ತಲೆ ಆಡಿಸಿದರು. ಒಪ್ಪಿದರು ಅಂದುಕೊಂಡೆ.

ಆಪರೇಷನ್ ದಿನ ಬೆಳಿಗ್ಗೆ ನಾನು ಕೆಳಗೆ ಔಷಧಿ ಅಂಗಡಿಯಲ್ಲಿದ್ದೆ. ಅತ್ತೆ ಚರ್ಚಿಗೆ ಹೊಸದಾಗಿ ಬಂದ ಚಿಕ್ಕ ವಯಸ್ಸಿನ ಫಾದರನ್ನು ಕರೆತಂದೇಬಿಟ್ಟಿದ್ದರು. "ನಮ್ ಬೀಗ್ರು, ಫ್ಯಾನ್ ಕೆಳುಗ್ಲು ಆಸ್ಗೆ" ಎಂದಷ್ಟೇ ಹೇಳಿ, ಅಪ್ಪ ಯಾವ ಸಭೆಯವರು ಎಂಬುದನ್ನು ನುಂಗಿಕೊಂಡು, ನಾನು ಬಂದೇನೆಂದು ಮೆಟ್ಟಿಲ ಹತ್ತಿರ ಕಾವಲು ನಿಂತಿದ್ದರು.

ಅಪ್ಪ ಆಗ ಬಚ್ಚಲಿಗೆ ಹೋಗಿದ್ದರು. ಪಕ್ಕದ ಹಾಸಿಗೆಯಲ್ಲಿ ದೇವನೂರಿನ ರೈತರೊಬ್ಬರು, ಶಿವಭಕ್ತರು. ಅವರಿಗೂ ಹರ್ನಿಯಾ, ಅವರದ್ದೂ ಅದೇ ದಿನ. ಸೆಕೆ ತಾಳಲಾರದೆ ಫ್ಯಾನಿನ ಕೆಳಗಿನ ಅಪ್ಪನ ಹಾಸಿಗೆಗೆ ಬಂದು, ಕುತ್ತಿಗೆವರೆಗೆ ಹೊದ್ದು ಮಲಗಿದ್ದರು. ಹಣೆಯ ವಿಭೂತಿಯನ್ನು ನರ್ಸ್ ಆಗಲೇ ಒರೆಸಿಯಾಗಿತ್ತು. ಬಿಳಿ ನಿಲುವಂಗಿ ಕಂಡು ದೊಡ್ಡ ಡಾಕ್ಟರೇ ಬಂದರೆಂದು ಅವರು ತಿಳಿದರು. ಫಾದರ್ ಹಣೆಗೂ ಅಂಗೈಗೂ ಎಣ್ಣೆ ಹಚ್ಚಲು ಅಣಿಯಾಗಿ, ಮೃದುವಾಗಿ ಕೇಳಿದರು. "ಮನಸ್ಸಿನಲ್ಲಿ ಏನಾದರೂ ತಪ್ಪು ಮಾಡಿದ ಭಾರ ಇದ್ದರೆ ಹೇಳಿಕೊಳ್ಳಿ. ಯಾರಿಗೂ ಹೇಳೋಲ್ಲ."

ರೈತರು ಆಚೆ ಈಚೆ ನೋಡಿ ಪಿಸುಗುಟ್ಟಿದರು. "ಏನೂ ತಿನ್ಬ್ಯಾಡ ಅಂದಿದ್ರು ಸಾ. ಬೆಳಿಗ್ಗೆ ಒಂದ್ ಇಡ್ಲಿ ತಿಂದ್ಬುಟ್ಟೆ."

ಇದೆಲ್ಲ ರೈತರೇ ಆಮೇಲೆ ಹೇಳಿದ್ದು. ನಾನು ಮೆಟ್ಟಿಲು ಹತ್ತಿ ಬಂದಾಗ ಅಪ್ಪ ಟವೆಲು ಹೆಗಲಿಗೆ ಹಾಕಿಕೊಂಡು, "ಅದು ನನ್ನ ಹಾಸಿಗೆ" ಎನ್ನುತ್ತಿದ್ದರು. ಫಾದರ್ ಮುಖ ಬಿಳುಚಿತ್ತು. ಅತ್ತೆ ಹಿಂದೆಯೇ ಓಡಿಬಂದು ಎಲ್ಲ ಒಪ್ಪಿಕೊಂಡರು. ನಾನು ಅಪ್ಪನ ಕೈ ಹಿಡಿದು ನಾಡಿ ನೋಡತೊಡಗಿದೆ.

ಅಪ್ಪ ಕೂಗಾಡಲಿಲ್ಲ. "ನನಗೇನಾದರೂ ಆಗುತ್ತೆ ಅಂತ ಹೆದರಿಕೊಂಡಿದ್ದಿರಾ ಬೀಗ್ರೇ?" ಎಂದರು ಅಷ್ಟೆ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಅಷ್ಟರಲ್ಲಿ ರೈತರನ್ನು ಒಯ್ಯಲು ಸ್ಟ್ರೆಚರ್ ಬಂತು. ಫಾದರ್ ಚಡಪಡಿಸಿದರು. "ಯಜಮಾನರೇ, ನನಗೆ ಹೇಳಿದ್ದನ್ನ ನರ್ಸಿಗೂ ಹೇಳಿ. ದಯವಿಟ್ಟು."

"ಏನದು?" ಎಂದೆ.

"ನಾನು ಹೇಳೋ ಹಾಗಿಲ್ಲಮ್ಮ!" ಎಂದರು ಬೆವರುತ್ತಾ.

ಪಾಪನಿವೇದನೆಯ ವಾಸನೆ ಬಡಿದ ಅಪ್ಪನಿಗೆ ಹಳೇ ಹುರುಪು ಬಂತು. "ಯಾರಿಗೂ ಹೇಳಬೇಡಿ ಯಜಮಾನರೇ! ತಪ್ಪಾಗಿದ್ದರೆ ದೇವರಿಗೆ ನೇರವಾಗಿ ಹೇಳಿ. ಮಧ್ಯೆ ಮನುಷ್ಯರು ಯಾಕೆ?"

ರೈತರು ಇಬ್ಬರನ್ನೂ ನೋಡಿದರು. ಸ್ಟ್ರೆಚರ್ ನೋಡಿದರು. "ಕುಯ್ಯಾಕೆ ದೇವ್ರು ಬತ್ತನಾ ಸಾ?" ಎಂದವರೇ ಕೂಗಿದರು. "ನರ್ಸಮ್ಮಾ, ನಾನು ಇಡ್ಲಿ ತಿಂದಿವ್ನಿ!"

ನರ್ಸ್ ಬೆಚ್ಚಿಬಿದ್ದರು. "ಅಯ್ಯೋ, ಎಷ್ಟು?"

ರೈತರು ಫಾದರ್ ಕಡೆ ಸಂಕೋಚದಿಂದ ತಿರುಗಿದರು. "ಇವ್ರಿಗೆ ಒಂದು ಅಂದಿದ್ದೆ. ಮೂರು ಕಣವ್ವ."