ಬಲೆ, ತೂತು ಮತ್ತು ನಮ್ಮ ಮಾವ

ನಮ್ಮ ಮಾವ ಜೀವಮಾನದಲ್ಲಿ ಒಂದೇ ಒಂದು ತಪ್ಪೂ ಮಾಡಿದವರಲ್ಲ. ಇದಕ್ಕೆ ಸಾಕ್ಷಿ ಯಾರು ಅಂತೀರಾ? ಸ್ವತಃ ಮಾವನೇ!

ಮಾವ ಅಂದರೆ ನನ್ನ ಗಂಡನ ಸೋದರಮಾವ. ಉಡುಪಿ ಕಡೆಯವರು, ಮನೆಮಾತು ತುಳು. ಮೂವತ್ತು ವರ್ಷಗಳಿಂದ ದುಬೈನ ಜೆಬೆಲ್ ಅಲಿಯ ಗೋದಾಮೊಂದರಲ್ಲಿ ಸ್ಟೋರ್‌ಕೀಪರ್. ಪ್ರತಿ ಶನಿವಾರ ಅಬುಧಾಬಿಗೆ ಬಂದು, ಅಲ್ ಮೀನಾ ಮಾರುಕಟ್ಟೆಯಲ್ಲಿ ಮೀನು ಕೊಂಡು, ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ನಮ್ಮ ಫ್ಲಾಟಿನ ಬೆಲ್ ಒತ್ತುತ್ತಾರೆ. ಮೈಸೂರಿನ ಹುಳಿ-ತೊವ್ವೆಯ ಮನೆಯಿಂದ ಬಂದ ನಾನು ಈಗ ಬಂಗುಡೆಯ ಕಣ್ಣು ನೋಡಿಯೇ ಅದರ ಜಾತಕ ಹೇಳಬಲ್ಲೆ. ಎಲ್ಲ ಮಾವನ ದಯೆ.

ಒಮ್ಮೆ ನಮ್ಮನ್ನೆಲ್ಲ ಕಾರಿನಲ್ಲಿ ತುಂಬಿಕೊಂಡು ದುಬೈಗೆ ಹೊರಟವರು ಮಾತಿನ ಭರದಲ್ಲಿ ತಿರುವು ಬಿಟ್ಟರು. ಇಲ್ಲಿ ಒಂದು ಎಕ್ಸಿಟ್ ತಪ್ಪಿದರೆ ಮುಂದಿನದು ಸಿಗುವಷ್ಟರಲ್ಲಿ ಮಕ್ಕಳು ಒಂದು ಕ್ಲಾಸು ಪಾಸಾಗಿರುತ್ತಾರೆ! ದುಬೈ ಬದಲು ಇನ್ನೊಂದೇ ದಿಕ್ಕಿನ ಅಲ್ ಐನ್ ಊರಿನ ಬೋರ್ಡು ಕಂಡಾಗ ನಾನು ಮೆಲ್ಲಗೆ ಕೇಳಿದೆ, “ಮಾವ, ದಾರಿ ತಪ್ಪಿತಾ?”

“ತಪ್ಪುದು ಎಂತದ್ದು? ನೀನು ಅಲ್ ಐನ್ ನೋಡಿದ್ದೀಯಾ?”

“ಇಲ್ಲ.”

“ಮತ್ತೆ! ಈಗ ನೋಡು!”

ಇಂಥ ಮಾವನಿಗೆ ನಾನು ಒಂದು ವಾಯ್ಸ್ ಮೆಸೇಜು ಕಳಿಸಿದ್ದೇ ಈ ಕಥೆಯ ಮೂಲ. ನನ್ನ ಎಂಟು ವರ್ಷದ ಮಗಳು ಪುಟ್ಟಿ ಬ್ಯಾಲೆ ನೃತ್ಯದ ಕ್ಲಾಸಿಗೆ ಸೇರಿದ್ದಳು. ಮೂರು ವಾರದಲ್ಲಿ ಪ್ರದರ್ಶನ. ಅದಕ್ಕೆ ಟುಟು ಬೇಕು. ಸೊಂಟದ ಸುತ್ತ ಅರಳಿಕೊಂಡಿರುವ ಪುಟ್ಟ ಲಂಗ, ನೀವೂ ನೋಡಿರುತ್ತೀರಿ. ಟುಟು ಇಲ್ಲದವರು ಹಿಂದೆ ಮರದ ವೇಷ ಹಾಕಿ ಅಲ್ಲಾಡದೆ ನಿಲ್ಲಬೇಕು ಅಂತ ಟೀಚರ್ ಕಟ್ಟಪ್ಪಣೆ. ಪುಟ್ಟಿ ಮರವಾಗಲು ಸುತರಾಂ ಒಪ್ಪಲಿಲ್ಲ. ಹಾಗಾಗಿ ನಾನು, “ಮಾವ, ಬ್ಯಾಲೆ ಟುಟು ಬೇಕಿತ್ತು, ಬರುವಾಗ ಸಿಕ್ಕಿದ್ರೆ ತನ್ನಿ” ಎಂದೆ. ಹಿಂದಿನಿಂದ ಪುಟ್ಟಿ ಸೋಫಾದ ಮೇಲೆ ಕುಣಿಯುತ್ತಾ “ಬ್ಯಾಲೆ ಟುಟು! ಬ್ಯಾಲೆ ಟುಟು!” ಎಂದು ಕಿರುಚುತ್ತಿದ್ದಳು.

ಶನಿವಾರ ಮಾವ ಬಂದರು. ಒಂದು ಕೈಯಲ್ಲಿ ಮೀನು, ಇನ್ನೊಂದರಲ್ಲಿ ಗೋಣಿಯಂಥ ಗಂಟು. ನಡುಮನೆಯಲ್ಲಿ ಬಿಚ್ಚಿದರು. ಮೀನು ಹಿಡಿಯುವ ಬಲೆ, ಅದೂ ಎರಡು!

“ಬಲೆ ಅಂದೆ, ತೂತು ಅಂದೆ. ತೂತು ಸಣ್ಣದಾ ದೊಡ್ಡದಾ ಹೇಳ್ಲೇ ಇಲ್ಲ ನೀನು. ಎರಡೂ ತಂದಿದ್ದೇನೆ!”

ಪುಟ್ಟಿ ಒಂದು ಕ್ಷಣ ನೋಡಿ, “ಅಜ್ಜಾ, ದಿಸ್ ಈಸ್ ಫಾರ್ ಫಿಶ್!” ಎಂದು ಹೋ ಎಂದು ಅತ್ತಳು. ನಾನು ಮೊಬೈಲಿನಲ್ಲಿ ಟುಟುವಿನ ಚಿತ್ರ ತೋರಿಸಿದೆ. ಈಗಲಾದರೂ ತಪ್ಪಾಯಿತು ಅನ್ನುತ್ತಾರೆಂದು ನಾನು ಕಿವಿ ನಿಮಿರಿಸಿ ಕಾದೆ. ಮಾವ ಚಿತ್ರವನ್ನು ಹಿಗ್ಗಿಸಿದರು. ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿ ನೋಡಿದರು.

“ಇದು ಎಂತ? ಬಲೆಯೇ ಅಲ್ವಾ? ಇದರಲ್ಲಿ ತೂತಿಲ್ವಾ? ಹೇಳು ಮಾರಾಯ್ತಿ, ಹೇಳು!”

ಏನು ಹೇಳಲಿ? ಟುಟು ಹೊಲಿಯುವುದೇ ಬಲೆಬಟ್ಟೆಯಲ್ಲಿ! ಮೈತುಂಬ ತೂತು! ಮಾವ ಮತ್ತೆ ಗೆದ್ದರು. ಗೆದ್ದ ಮೇಲೆ ಸುಮ್ಮನಿರುತ್ತಾರೆಯೇ? “ಇದನ್ನು ನಾನೇ ಹೊಲಿದು ಕೊಡ್ತೇನೆ. ಬಲೆ ಹೆಣೆದ ಕೈ ಇದು. ಖಲಾಸ್!” ಎಂದು ಘೋಷಿಸಿದರು. ಪುಟ್ಟಿಯ ಅಳು ಇನ್ನೂ ಜೋರಾಯಿತು.

ಮುಂದಿನ ಶನಿವಾರ ಬರುವಾಗ ಟುಟುವಿನ ಇತಿಹಾಸವನ್ನೆಲ್ಲ ಅರೆದು ಕುಡಿದು ಬಂದಿದ್ದರು. ಮಾವ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದವರು. ಕುರ್ಚಿ ಸಿಕ್ಕಿದರೆ ಸಾಕು, ಶಲ್ಯ ಸರಿಮಾಡಿಕೊಂಡು ಶುರು.

“ಕೇಳು ಮಗಳೇ! ಪೂರ್ವದಲ್ಲಿ ಆ ನರ್ತಕಿಯರು ನೆಲ ಗುಡಿಸುವಷ್ಟು ಉದ್ದದ ಲಂಗ ಹಾಕ್ತಿದ್ರು. ಸುಮಾರು ಇನ್ನೂರು ವರ್ಷದ ಹಿಂದೆ ಕಾಲಿನ ತುದಿಬೆರಳಲ್ಲಿ ನಿಲ್ಲಲಿಕ್ಕೆ ಕಲಿತ್ರು. ಅಷ್ಟು ಕಷ್ಟಪಟ್ಟು ನಿಂತದ್ದು ಯಾರಿಗೂ ಕಾಣದಿದ್ರೆ ನಿಂತು ಎಂತ ಪ್ರಯೋಜನ? ಏರಿಸಿದ್ರು ಲಂಗವನ್ನು ಮೀನಖಂಡದವರೆಗೆ! ಬಿಳೀ ಬಲೆಬಟ್ಟೆ, ಪದರದ ಮೇಲೆ ಪದರ, ಗಂಟೆಯ ಆಕಾರ. ಆದರೆ ರಂಗದಲ್ಲಿ ಗ್ಯಾಸ್ ದೀಪ. ಲಂಗಕ್ಕೆ ಬೆಂಕಿ ಹಿಡಿದು ಸತ್ತವರೂ ಇದ್ದಾರೆ, ಪಾಪ.”

“ಆಮೇಲೆ?” ಪುಟ್ಟಿ ಮುನಿಸು ಮರೆತು ಹತ್ತಿರ ಸರಿದಿದ್ದಳು.

“ಆಮೇಲೆ ಲಂಗ ಇನ್ನೂ ಗಿಡ್ಡ, ಇನ್ನೂ ಗಟ್ಟಿ. ಸೊಂಟದಲ್ಲಿ ಚಪ್ಪಟೆ ತಟ್ಟೆ. ಅವರು ಪ್ಯಾನ್‌ಕೇಕ್ ಟುಟು ಅಂತಾರೆ. ನಮ್ಮವರು ಕಂಡುಹಿಡಿದಿದ್ರೆ ನೀರ್‌ದೋಸೆ ಟುಟು! ಇದನ್ನು ನೋಡಿ ಪ್ಯಾರಿಸ್ಸಿನ ಫ್ಯಾಶನ್ ದರ್ಜಿಗಳು ಬಿಟ್ಟಾರಾ? ಪಾರ್ಟಿಗೆ ಬಲೆ ಗೌನು, ಮದುವೆಗೆ ಬಲೆ ಗೌನು! ಈಗ ದುಬೈ ಮಾಲಿಗೆ ಹೋಗು, ಬಲೆಯ ಲಂಗಕ್ಕೆ ಓಡುವ ಬೂಟು ಹಾಕಿಕೊಂಡು ತಿರುಗ್ತಾರೆ. ನಾನು ಬಲೆ ತಂದದ್ದು ಮಾತ್ರ ತಪ್ಪು!” ಎಂದು ನನ್ನತ್ತ ಒಂದು ನೋಟ ಬೀರಿದರು. ಆಮೇಲೆ ದನಿ ತಗ್ಗಿಸಿದರು. “ಟುಟು ಅಂದ್ರೆ ಎಂತ ಗೊತ್ತುಂಟಾ? ಫ್ರೆಂಚ್ ಮಕ್ಕಳ ಭಾಷೆಯಲ್ಲಿ ಕುಂಡೆ ಅಂತ ಅರ್ಥವಂತೆ!”

ಪುಟ್ಟಿ ನೆಲದ ಮೇಲೆ ಉರುಳಾಡಿ ನಕ್ಕಳು. ಮರುದಿನ ಇದನ್ನು ಇಡೀ ಕ್ಲಾಸಿಗೆ ಹೇಳಿದ್ದರಿಂದ ನನಗೆ ಟೀಚರ್‌ರಿಂದ ಫೋನ್ ಬಂತು ಅನ್ನುವುದು ಬೇರೆ ಮಾತು.

ಪ್ರದರ್ಶನದ ದಿನ ಮಾವ ದೊಡ್ಡದೊಂದು ರಟ್ಟಿನ ಡಬ್ಬ ಹೊತ್ತು ತಂದರು. ಸುತ್ತ ಟೇಪು, ಮೇಲೆ ಬಾಣದ ಗುರುತು, ‘ಈ ಬದಿ ಮೇಲೆ’, ‘ಒಡೆಯುವ ವಸ್ತು’! ಒಳಗೆ ಹತ್ತು ಪದರದ ಬಿಳೀ ಟುಟು. ಪದರ ಪದರಕ್ಕೂ ಬಲೆ ದುರಸ್ತಿಯ ಗಂಟು. ಎಷ್ಟು ಗಟ್ಟಿ ಅಂದರೆ ಪುಟ್ಟಿ ಹಾಕಿಕೊಂಡಾಗ ಬಾಗಿಲಲ್ಲಿ ಅಡ್ಡಡ್ಡವಾಗಿ ದಾಟಬೇಕಾಯಿತು. ನನ್ನ ಗಂಡ ಅದರ ಮೇಲೆ ಚಹಾದ ಲೋಟ ಇಟ್ಟು ನೋಡಿದರು. ನಿಂತಿತು!

ಪುಟ್ಟಿ ಮರವಾಗಲಿಲ್ಲ. ಮೊದಲ ಸಾಲಿನಲ್ಲೇ ಕುಣಿದಳು. ಉಳಿದವರ ಟುಟು ಎರಡನೇ ಸುತ್ತಿಗೆ ಜೋತುಬಿತ್ತು, ನಮ್ಮ ನೀರ್‌ದೋಸೆ ಮಾತ್ರ ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಹೆಮ್ಮೆಯಿಂದ ಪಕ್ಕಕ್ಕೆ ತಿರುಗಿದೆ. ಮಾವ ಕಣ್ಣೊರೆಸಿಕೊಳ್ಳುತ್ತಿದ್ದರು.

“ಮಾವ, ಅಳ್ತಿದ್ದೀರಾ?”

“ಏಸಿ ಜಾಸ್ತಿ ಉಂಟು.” ಕನ್ನಡಕ ಒರೆಸಿ ಹಾಕಿಕೊಂಡು ಅವರೇ ಹೇಳಿದರು. “ಆ ನಿನ್ನ ಮೆಸೇಜಲ್ಲಿ ಪುಟ್ಟಿ ಹಿಂದಿಂದ ಕೂಗ್ತಿದ್ದಳಲ್ಲ, ನನಗೆ ಮೊದಲು ಕೇಳಿದ್ದು ಬಲೆಯೂ ಅಲ್ಲ, ತೂತೂ ಅಲ್ಲ. ‘ಬಲೆ, ತೂಲೆ’ ಅಂತ.”

ಬಲೆ, ತೂಲೆ. ತುಳುವಿನಲ್ಲಿ ಬನ್ನಿ, ನೋಡಿ ಅಂತ. ಅಷ್ಟು ತುಳು ನನಗೂ ಬರುತ್ತದೆ.

“ನನ್ನ ಮಗಳು ಎಂಟು ವರ್ಷ ಇರುವಾಗ ಶಾಲೆಯಲ್ಲಿ ಡ್ಯಾನ್ಸು ಉಂಟು ಅಂತ ಊರಿಂದ ಕ್ಯಾಸೆಟಲ್ಲಿ ಮಾತಾಡಿ ಕಳಿಸಿದ್ದಳು. ‘ಬಲೆ ಪಪ್ಪಾ, ತೂಲೆ’ ಅಂತ ಹೀಗೇ ಕೂಗಿದ್ದಳು.”

“ಆಗ ರಜೆ ಸಿಗೋದು ಕಷ್ಟ ಇತ್ತೇನೋ, ಮಾವ.”

“ರಜೆ ಸಿಕ್ಕಿತ್ತು. ಒಂದು ಡ್ಯಾನ್ಸಿಗೆ ಅಂತ ಯಾರಾದ್ರೂ ಊರಿಗೆ ಹೋಗ್ತಾರಾ ಅಂತ ನಾನೇ ಹೋಗ್ಲಿಲ್ಲ. ಅದು ತಪ್ಪು. ನನ್ನದೇ ತಪ್ಪು.”

ಈ ಒಂದು ಶಬ್ದ ಕೇಳಬೇಕೆಂದು ನಾನು ಎಷ್ಟು ವರ್ಷ ಕಾದಿದ್ದೆ! ಕೇಳಿದ ಮೇಲೆ ಯಾಕಾದರೂ ಕೇಳಿದೆನೋ ಅನ್ನಿಸಿತು. ಅವರ ಕೈ ಹಿಡಿದುಕೊಂಡೆ.

ಅಷ್ಟರಲ್ಲಿ ಕುರ್ಚಿಗಳ ನಡುವೆ ಅಡ್ಡಡ್ಡವಾಗಿ ನುಗ್ಗುತ್ತಾ ಪುಟ್ಟಿ ಓಡಿಬಂದಳು. ಫೋಟೊ ತೆಗೆಯಲೆಂದು ಟೀಚರ್ ಇನ್ನೊಮ್ಮೆ ಗಿರಗಿರ ತಿರುಗಲು ಹೇಳಿದ್ದರಂತೆ.

“ಅಜ್ಜಾ, ಕಮ್! ಸೀ!”

ಅವಳ ಮಾತು ಮುಗಿಯುವ ಮೊದಲೇ ಮಾವ ಎದ್ದು ನಿಂತಿದ್ದರು.

“ಬತ್ತೆ ಮಗಾ, ಬಂದೆ,” ಎಂದರು. “ಬತ್ತೆ, ಬತ್ತೆ.”